ಕಾರಿನ ಲಾಕ್ ಮೋಟರ್: ಚಿಕ್ಕ ದೋಷ, ಬೆಳೆಯುತ್ತಿರುವ ಬಿಡಿಭಾಗ

ರಿಮೋಟ್ ಒತ್ತಿದರೆ ಮೂರು ಬಾಗಿಲು ಲಾಕ್ ಆಗುತ್ತವೆ, ನಾಲ್ಕನೆಯದು ಒಳಗೊಳಗೇ ಗೊರಗುಟ್ಟಿ ಸುಮ್ಮನಾಗುತ್ತದೆ. ವಯಸ್ಸಾದ ಕಾರುಗಳಲ್ಲಿ ಇದು ಮಾಮೂಲಿ ಕಾಯಿಲೆ. ಗ್ಯಾರೇಜಿನಲ್ಲಿ ‘ಲಾಕ್ ಮೋಟರ್ ಹೋಗಿದೆ’ ಅನ್ನುತ್ತಾರೆ, ಬಹುತೇಕ ಸಲ ಕೆಟ್ಟಿರುವುದೂ ಹೆಬ್ಬೆರಳು ಗಾತ್ರದ ಆ ಮೋಟರೇ. ಆದರೆ ಬಿಲ್ಲಿನಲ್ಲಿ ಬರುವುದು ಚಿಲಕ, ಗೇರು, ಸ್ವಿಚ್ಚು, ಪ್ಲಾಸ್ಟಿಕ್ ಕವಚ ಎಲ್ಲ ಒಂದಾಗಿರುವ ಇಡೀ ಜೋಡಣೆಯ ಬೆಲೆ. ಪವರ್ ಡೋರ್ ಲಾಕ್ ಬೆಳೆದು ಬಂದ ಕಥೆಯನ್ನು ಸಾಮಾನ್ಯವಾಗಿ ಸೌಕರ್ಯದ ಕಥೆಯೆಂದೇ ಹೇಳುತ್ತಾರೆ. ಅದನ್ನೇ ರಿಪೇರಿಯ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ: ಕೆಡುವ ವಸ್ತು ಹಿಂದೆಯೂ ಚಿಕ್ಕದು, ಈಗಲೂ ಚಿಕ್ಕದು; ಬದಲಾಯಿಸಬೇಕಾದ ವಸ್ತು ಮಾತ್ರ ದೊಡ್ಡದಾಗುತ್ತ ಬಂದಿದೆ. ಈ ಬೆಳವಣಿಗೆಗೆ ಒಳ್ಳೆಯ ಕಾರಣಗಳಿವೆ, ಆದರೆ ಪೂರ್ತಿಯಾಗಿ ಅಲ್ಲ ಎಂಬುದು ನನ್ನ ವಾದ.

1914ರ ಸುಮಾರಿಗೆ ಅಮೆರಿಕದ ಸ್ಕ್ರಿಪ್ಸ್-ಬೂತ್ ಕಾರಿನಲ್ಲಿ ವಿದ್ಯುತ್ ಲಾಕ್ ಕಾಣಿಸಿಕೊಂಡಿತ್ತಾದರೂ ಅದು ಮುಂದುವರಿಯಲಿಲ್ಲ. 1956ರಲ್ಲಿ ಪ್ಯಾಕಾರ್ಡ್ ಅದನ್ನು ಮತ್ತೆ ತಂದ ಮೇಲೆ ದುಬಾರಿ ಕಾರುಗಳಲ್ಲಿ ನೆಲೆಯೂರಿತು. ಆಗಿನ ವಿದ್ಯುತ್ ಲಾಕುಗಳ ಒಳಗಿದ್ದದ್ದು ಸೊಲೆನಾಯ್ಡ್, ಅಂದರೆ ತಾಮ್ರದ ಸುರುಳಿ ಮತ್ತು ಅದರೊಳಗೆ ಸರಿಯುವ ಕಬ್ಬಿಣದ ಸರಳು. ಕರೆಂಟ್ ಹೆಚ್ಚು ಎಳೆಯುತ್ತಿತ್ತು, ಧಡಕ್ಕೆಂದು ಸದ್ದು ಮಾಡುತ್ತಿತ್ತು, ಕೆಡಲು ಮಾತ್ರ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಜರ್ಮನಿಯವರು ಹಿಡಿದದ್ದು ಇನ್ನೊಂದು ದಾರಿ. 1976ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯು 123ರಲ್ಲಿ ಎಂಜಿನ್ ಕಡೆಯಿಂದ ಸಿಗುವ ನಿರ್ವಾತವನ್ನು ಡಬ್ಬಿಯೊಂದರಲ್ಲಿ ಕೂಡಿಟ್ಟು, ಸಣ್ಣ ಕೊಳವೆಗಳ ಮೂಲಕ ಪ್ರತಿ ಬಾಗಿಲಿನ ರಬ್ಬರ್ ಪೊರೆಯನ್ನು ಎಳೆಯುತ್ತಿದ್ದರು. ಸದ್ದಿಲ್ಲದ, ನಾಜೂಕಿನ ಕೆಲಸ. ಒಂದು ಪೊರೆ ಹರಿದರೆ ಮಾತ್ರ ಗಾಳಿ ಸೋರಿ ಎಲ್ಲ ಬಾಗಿಲುಗಳೂ ಸೋಲುತ್ತಿದ್ದವು. ಎಲ್ಲಿ ಸೋರುತ್ತಿದೆಯೆಂದು ಹುಡುಕುವುದೇ ದೊಡ್ಡ ಕೆಲಸ, ಹುಡುಕಿದ ಮೇಲೆ ಹಾಕುವುದು ಒಂದು ಸಣ್ಣ ಭಾಗ ಅಷ್ಟೇ.

ಈ ಎರಡನ್ನೂ ಹಿಂದೆ ಹಾಕಿದ್ದು 12 ವೋಲ್ಟಿನ ಪುಟ್ಟ ಡಿಸಿ ಮೋಟರ್. ಎರಡೇ ತಂತಿ ಸಾಕು: ಕರೆಂಟ್ ಒಂದು ದಿಕ್ಕಿನಲ್ಲಿ ಹರಿದರೆ ಲಾಕ್, ತಿರುಗಿಸಿ ಹರಿಸಿದರೆ ಅನ್‌ಲಾಕ್. 1982ರಲ್ಲಿ ರೆನೋ ಫ್ಯೂಗೊ ಕಾರಿಗೆ ರಿಮೋಟ್ ಬಂದ ಮೇಲೆ ಈ ವ್ಯವಸ್ಥೆ ಸಾಮಾನ್ಯ ಕಾರುಗಳಿಗೂ ಇಳಿಯತೊಡಗಿತು. ನಮ್ಮಲ್ಲಿ ಇದು ಮೊದಲು ಜನಪ್ರಿಯವಾದದ್ದು ಕಂಪನಿಯಿಂದಲ್ಲ, ಆಕ್ಸೆಸರಿ ಅಂಗಡಿಯಿಂದ. ಮಾರುತಿ 800ರಂಥ ಕಾರಿಗೆ ಸೆಂಟ್ರಲ್ ಲಾಕ್ ಕಿಟ್ ತಂದು, ಡ್ರೈವರ್ ಬಾಗಿಲಿಗೆ ಐದು ತಂತಿಯ ಆಕ್ಚುಯೇಟರ್ (ಮೋಟರ್ ಇರುವ ಡಬ್ಬಿ), ಉಳಿದ ಬಾಗಿಲುಗಳಿಗೆ ಎರಡು ತಂತಿಯದು ಹಾಕುತ್ತಿದ್ದರು. ಪಿಸ್ತೂಲಿನ ಆಕಾರದ ಆ ಡಬ್ಬಿ ಬಾಗಿಲಿನ ತಗಡಿಗೆ ಎರಡು ಸ್ಕ್ರೂಗಳಲ್ಲಿ ನಿಲ್ಲುತ್ತಿತ್ತು, ಕಾರಿನ ಮೂಲ ಲಾಕಿಗೂ ಅದಕ್ಕೂ ಇದ್ದ ಸಂಬಂಧ ಒಂದು ಸರಳು ಮತ್ತು ಒಂದು ಕ್ಲಾಂಪ್. ಕೆಟ್ಟರೆ ಯಾವ ಕಂಪನಿಯದಾದರೂ ನಡೆಯುತ್ತಿತ್ತು. ಕಾರು ತಯಾರಕರು ಯೋಜಿಸಿ ಮಾಡಿದ್ದಲ್ಲದಿದ್ದರೂ ರಿಪೇರಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಮತ್ತೆ ಬಂದಿಲ್ಲ.

ಈಗಿನ ಕಾರುಗಳಲ್ಲಿ ಮೋಟರು ಚಿಲಕದೊಳಗೇ ಸೇರಿಹೋಗಿದೆ. ಬದಲಾಯಿಸುವವರು ಮೊದಲು ಗಾಜನ್ನು ಪೂರ್ತಿ ಮೇಲೇರಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚುತ್ತಾರೆ. ಹಿಡಿಕೆಯ ಹಿಂದೆ ಅಡಗಿರುವ ಸ್ಕ್ರೂ ತೆಗೆದು, ಡೋರ್ ಪ್ಯಾಡನ್ನು ಅಂಚಿನಿಂದ ಒಂದೊಂದೇ ಕ್ಲಿಪ್ ಬಿಡಿಸುತ್ತ ಎಬ್ಬಿಸುತ್ತಾರೆ. ಅದರ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಹರಿಯದಂತೆ ಬಿಡಿಸಿ ಮತ್ತೆ ಸರಿಯಾಗಿ ಅಂಟಿಸದಿದ್ದರೆ ಮುಂದಿನ ಮಳೆಗಾಲದಲ್ಲಿ ಕಾರಿನೊಳಗೆ ನೀರು. ಬಾಗಿಲಿನ ಅಂಚಿನ ಮೂರು ಸ್ಟಾರ್ ಸ್ಕ್ರೂ ಬಿಚ್ಚಿ, ಸರಳು ಅಥವಾ ಕೇಬಲ್ ಕಳಚಿ, ಕಪ್ಲರ್ ಎಳೆದರೆ ಜೋಡಣೆ ಕೈಗೆ ಬರುತ್ತದೆ. ಹೊಸದನ್ನು ಕೂರಿಸಿದವರು ಬಾಗಿಲು ತೆರೆದೇ ಇಟ್ಟು ಸ್ಕ್ರೂಡ್ರೈವರಿನಿಂದ ಚಿಲಕ ಮುಚ್ಚಿ, ಲಾಕ್ ಅನ್‌ಲಾಕ್ ಮಾಡಿ, ಹಿಡಿಕೆ ಎಳೆದರೆ ಚಿಲಕ ಬಿಚ್ಚುತ್ತದೆಯೇ ಎಂದು ಪರೀಕ್ಷಿಸದೆ ಬಾಗಿಲು ಹಾಕಬಾರದು. ಹಾಕಿಬಿಟ್ಟ ಮೇಲೆ ಬಿಚ್ಚದಿದ್ದರೆ ಪ್ಯಾಡನ್ನು ಮುಚ್ಚಿದ ಬಾಗಿಲಿನಿಂದ ಕೀಳಬೇಕಾಗುತ್ತದೆ. ಇಷ್ಟಕ್ಕೂ ಮೊದಲು ಒಂದು ಕೆಲಸವಿದೆ, ಆತುರದ ಗ್ಯಾರೇಜುಗಳು ಬಿಡುವುದು ಅದನ್ನೇ: ಕಪ್ಲರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡುವುದು. ಬಾಗಿಲು ತೆಗೆದು ಹಾಕುವಾಗ ಪ್ರತಿ ಸಲ ಮಡಚಿಕೊಳ್ಳುವ, ರಬ್ಬರ್ ಕೊಳವೆಯೊಳಗಿನ ವಯರ್ ತುಂಡಾಗಿದ್ದರೆ ಎಷ್ಟು ಆಕ್ಚುಯೇಟರ್ ಬದಲಾಯಿಸಿದರೂ ಪ್ರಯೋಜನವಿಲ್ಲ.

ಕೆಟ್ಟ ಜೋಡಣೆಯನ್ನು ಬಿಚ್ಚಿ ನೋಡಿದರೆ ಒಳಗಿನ ಸತ್ಯ ಸಾದಾ. ಅನೇಕ ಜಪಾನಿ ಕಾರುಗಳಲ್ಲಿರುವುದು ಮಬುಚಿ ಕಂಪನಿಯ ಎಫ್‌ಸಿ-280 ಮಾದರಿಯ ಮೋಟರ್ ಅಥವಾ ಅದೇ ಅಳತೆಯದು. ಬ್ರಷ್ ಸವೆದು, ಅದರ ಪುಡಿ ಕಮ್ಯುಟೇಟರಿನ ಮೇಲೆ ಕೂತು, ಮೋಟರ್ ಶಕ್ತಿ ಕಳೆದುಕೊಂಡಿರುತ್ತದೆ. ಇಲ್ಲವೇ ನೈಲಾನ್ ಗೇರಿನ ಹಲ್ಲು ಮುರಿದಿರುತ್ತದೆ. ನಾಲ್ಕನೇ ಪೀಳಿಗೆಯ ಫೋಕ್ಸ್‌ವ್ಯಾಗನ್ ಗಾಲ್ಫಿನಲ್ಲಿ ಸಾಮಾನ್ಯವಾಗಿದ್ದ ದೋಷ ಇದಕ್ಕಿಂತಲೂ ಚಿಕ್ಕದು: ಚಿಲಕದೊಳಗಿನ ಮೈಕ್ರೋಸ್ವಿಚ್ಚಿನ ಬೆಸುಗೆ ಬಿಟ್ಟು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಕಾರಿಗೆ ತಿಳಿಯುತ್ತಿರಲಿಲ್ಲ. ಒಂದು ಚುಕ್ಕೆ ಸೀಸ ಹಾಕಿದರೆ ಮುಗಿಯುವ ಕೆಲಸಕ್ಕೂ ಅಧಿಕೃತ ಪರಿಹಾರ ಇಡೀ ಲಾಕ್.

ಹೀಗೆ ಎಲ್ಲವನ್ನೂ ಒಂದೇ ಕವಚದೊಳಗೆ ಸೇರಿಸಿದ್ದಕ್ಕೆ ಎಂಜಿನಿಯರುಗಳು ಕೊಡುವ ಸಮರ್ಥನೆಯನ್ನು ತಳ್ಳಿಹಾಕುವಂತಿಲ್ಲ. ಹೊರಗೆ ಕಾಣುವ ಸರಳನ್ನು ಗಾಜಿನ ಪಕ್ಕದಿಂದ ತಗಡು ತೂರಿಸಿ ಎಳೆದು ಕಳ್ಳರು ಬಾಗಿಲು ತೆಗೆಯುತ್ತಿದ್ದರು. ಕೇಬಲ್ ಮತ್ತು ಮುಚ್ಚಿದ ಕವಚ ಅದಕ್ಕೆ ತಡೆ ಹಾಕಿದವು. ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ, ಆದ್ದರಿಂದ ಮೋಟರಿಗೆ ರಕ್ಷಣೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿಲಕವೆಂದರೆ ಅಪಘಾತದಲ್ಲಿ ಬಾಗಿಲು ತೆರೆದುಕೊಳ್ಳದಂತೆ ಹಿಡಿಯುವ ಭಾಗ. ಅಮೆರಿಕ 1968ರಿಂದಲೇ ಅದಕ್ಕೆ ಬಲದ ಮಾನದಂಡ ವಿಧಿಸಿದೆ. 2016ರಲ್ಲಿ ಫೋರ್ಡ್ ಉತ್ತರ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆದದ್ದು ಚಿಲಕದೊಳಗೆ ಸ್ಪ್ರಿಂಗ್ ಹಿಡಿಯುವ ಒಂದು ಚೂರು ಮುರಿಯುತ್ತಿದ್ದುದರಿಂದ. ಅಂಥ ದೋಷಕ್ಕೆ ಬೀದಿಬದಿಯ ತೇಪೆ ಯಾರೂ ಬಯಸುವುದಿಲ್ಲ. ಆದರೆ ಈ ಕಾರಣಗಳು ಚಿಲಕಕ್ಕೆ ಸಲ್ಲುತ್ತವೆ, ಮೋಟರಿಗಲ್ಲ. ಮೋಟರು ಬಾಗಿಲನ್ನು ಹಿಡಿದಿರುವುದಿಲ್ಲ, ಲಾಕಿನ ಸನ್ನೆಯನ್ನು ಅತ್ತಿತ್ತ ಸರಿಸುತ್ತದೆ ಅಷ್ಟೇ. ಕವಚವನ್ನು ಬೆಸೆಯುವ ಬದಲು ರಬ್ಬರ್ ಗ್ಯಾಸ್ಕೆಟ್ ಇಟ್ಟು ಸ್ಕ್ರೂ ಹಾಕಿದರೂ ನೀರು ತಡೆಯಬಹುದು, ಹೆಡ್‌ಲೈಟಿನ ಬಲ್ಬ್ ಬದಲಾಯಿಸುವ ಮುಚ್ಚಳ ಮಾಡುವುದೂ ಅದನ್ನೇ. ಮಜೂರಿಯ ಮುಂದೆ ಮೋಟರಿನ ಬೆಲೆ ಏನೂ ಅಲ್ಲ, ಹೇಗೂ ಬಾಗಿಲು ಬಿಚ್ಚಿದ್ದಾಗಿದೆ, ಇಡೀ ಲಾಕ್ ಹಾಕಿದರೇನು ಎಂಬ ಮಾತೂ ಇದೆ. ಮಜೂರಿ ದುಬಾರಿಯಾದ ದೇಶಗಳಲ್ಲಿ ಅದು ಸರಿಯಿರಬಹುದು. ನಮ್ಮಲ್ಲಿ ಹಲವು ಸಲ ಮೂಗಿಗಿಂತ ಮೂಗುತಿ ಭಾರವಾಗುವುದು ಬಿಡಿಭಾಗದ ಕಡೆಯಿಂದ.

ಈ ಭಾರಕ್ಕೆ ತಂತ್ರಜ್ಞಾನದಷ್ಟೇ ಮಾರುಕಟ್ಟೆಯೂ ಕಾರಣ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿದಾಗ ಆಯ್ದ ಕ್ಷೇತ್ರಗಳಲ್ಲಿ ವಾಹನವೂ ಒಂದು. ಅತ್ತ ಕಾನೂನು ನಿಧಾನವಾಗಿ ಸಾಗಿದರೆ ಇತ್ತ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒರಿಜಿನಲ್, ಡುಪ್ಲಿಕೇಟ್ ಎರಡೂ ಸಿಗುತ್ತವೆ, ಗುಜರಿಗೆ ಹೋದರೆ ಬಿಚ್ಚಿದ ಕಾರಿನ ಲಾಕ್ ಸಿಗುತ್ತದೆ. ಗುಜರಿಯ ಲಾಕಿನೊಳಗಿನ ಮೋಟರಿಗೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ಕೊಳ್ಳುವವರು ಮರೆಯುವುದುಂಟು.

ಮೋಟರು ಲಾಕನ್ನಷ್ಟೇ ಸರಿಸುವವರೆಗೆ ಇದು ಜೇಬಿನ ಪ್ರಶ್ನೆ. ಚಿಲಕವನ್ನೇ ಬಿಚ್ಚುವ ಕೆಲಸವೂ ಅದಕ್ಕೆ ಬಿದ್ದಾಗ ಲೆಕ್ಕ ಬೇರೆ. 2005ರ ಕಾರ್ವೆಟ್‌ನಲ್ಲಿ ಬಾಗಿಲು ತೆರೆಯುವುದು ಗುಂಡಿ ಒತ್ತಿದರೆ, ಬ್ಯಾಟರಿ ಸತ್ತರೆ ಸೀಟಿನ ಪಕ್ಕ ನೆಲದ ಹತ್ತಿರವಿರುವ ಸನ್ನೆ ಹುಡುಕಬೇಕು. ಟೆಸ್ಲಾ ಮಾಡೆಲ್ 3ರ ಮೊದಲ ವರ್ಷಗಳ ಕಾರುಗಳ ಹಿಂಬಾಗಿಲಿಗೆ ಅಂಥ ಸನ್ನೆಯೂ ಇರಲಿಲ್ಲ. ಈ ವಿಷಯದಲ್ಲಿ ಸರ್ಕಾರಗಳು ಎಚ್ಚೆತ್ತಿವೆ. ಸೆಂಟ್ರಲ್ ಲಾಕನ್ನು ಕೈಯಿಂದ ಬಿಡಿಸುವ ವ್ಯವಸ್ಥೆಯನ್ನು ಭಾರತ 2019ರ ಜುಲೈಯಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ಚೀನಾದ ನಿಯಮ 2027ರ ಜನವರಿಯಿಂದ ಬಾಗಿಲಿಗೆ ಯಾಂತ್ರಿಕ ಬಿಡುಗಡೆಯನ್ನು ಕೇಳುತ್ತದೆ. ಇವೆಲ್ಲ ಮೋಟರು ಸೋತ ಗಳಿಗೆಯಲ್ಲಿ ಒಳಗಿರುವವರು ಹೊರಗೆ ಬರಲು ಮಾಡಿದ ನಿಯಮಗಳು. ಸೋತ ಮೋಟರನ್ನು ಮಾರನೆಯ ದಿನ ಗ್ಯಾರೇಜಿನಲ್ಲಿ ಬಿಚ್ಚಿ ಹಾಕುವಂತಿರಬೇಕೆಂದು ಇವುಗಳಲ್ಲಿ ಯಾವುದೂ ಕೇಳಿಲ್ಲ.