ರೋಬಾಟ್ ಸುತ್ತ ಬೇಲಿ ಬಂದ ಕಥೆ

ಚನ್ನಪಟ್ಟಣದ ಗೊಂಬೆ ತಯಾರಕರ ಲೇತ್ ಯಂತ್ರವನ್ನು ನೀವು ನೋಡಿರಬಹುದು. ಮರದ ತುಂಡು ಒಂದೇ ಜಾಗದಲ್ಲಿ ತಿರುಗುತ್ತದೆ. ಅಪಾಯ ಎಲ್ಲಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ರಾಮನಗರ ದಾಟಿ ಬೆಂಗಳೂರಿನ ಕಡೆಗೆ ಬಂದರೆ ಬಿಡದಿ. ಅಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಡಿಸೆಂಬರ್‌ನಲ್ಲಿ ವಾಹನ ತಯಾರಿಕೆ ಆರಂಭಿಸಿತು. ವಾಹನ ಕಾರ್ಖಾನೆಗಳಲ್ಲಿ ಬೆಸುಗೆ ಹಾಕಲು, ಬಣ್ಣ ಬಳಿಯಲು ರೋಬಾಟ್ ತೋಳುಗಳನ್ನು ಬಳಸುತ್ತಾರೆ. ಈ ತೋಳು ತನ್ನ ಸುತ್ತಲಿನ ಜಾಗವನ್ನೆಲ್ಲ ತಲುಪಬಲ್ಲದು. ಮುಂದಿನ ಸಂಕೇತಕ್ಕೆ ಕಾಯುತ್ತ ಅಲುಗಾಡದೆ ನಿಂತಿರಲೂಬಹುದು. ಆಗ ಅದಕ್ಕೆ ವಿದ್ಯುತ್ ನಿಂತಿದೆ ಎಂದು ತಿಳಿದರೆ ಪ್ರಾಣಕ್ಕೇ ಅಪಾಯ.

ಮೊದಲ ಕೈಗಾರಿಕಾ ರೋಬಾಟ್ ‘ಯುನಿಮೇಟ್’ 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಬಂತು. 1979ರ ಜನವರಿ 25ರಂದು ಮಿಷಿಗನ್ ರಾಜ್ಯದ ಎರಕದ ಕಾರ್ಖಾನೆಯೊಂದರಲ್ಲಿ, ಬಿಡಿಭಾಗ ತರಲು ಕಪಾಟಿನ ಮೇಲೇರಿದ ಕೆಲಸಗಾರ ರೋಬಾಟಿನ ಹೊಡೆತಕ್ಕೆ ಸಿಕ್ಕಿ ಸತ್ತ. 1981ರಲ್ಲಿ ಜಪಾನಿನ ಅಕಾಶಿಯಲ್ಲಿ, ಬೇಲಿ ದಾಟಿ ಒಳಗೆ ಹೋದ ದುರಸ್ತಿ ಕೆಲಸಗಾರನೊಬ್ಬ ಹಾಗೆಯೇ ಸತ್ತ.

ಯಂತ್ರದ ಚಲಿಸುವ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು ನಮ್ಮ 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ರೋಬಾಟಿಗೆ ಬೇಲಿಯೊಂದೇ ಸಾಲದು. ದುರಸ್ತಿ ಮಾಡುವವರು ಒಳಗೆ ಹೋಗಲೇಬೇಕಲ್ಲವೆ? ಜಪಾನ್ 1983ರಲ್ಲಿ ಬೇಲಿಯ ಜೊತೆಗೆ ವಿಶೇಷ ತರಬೇತಿಯನ್ನೂ ಕಡ್ಡಾಯ ಮಾಡಿತು. 1992ರಲ್ಲಿ ಐಎಸ್‌ಒ 10218 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಬೇಲಿಯ ಬಾಗಿಲು ತೆರೆದೊಡನೆ ರೋಬಾಟ್ ನಿಲ್ಲುವ ವ್ಯವಸ್ಥೆ ರೂಢಿಯಾಯಿತು. ಒಳಗೆ ನಿಂತು ಅದಕ್ಕೆ ಚಲನೆ ಕಲಿಸುವಾಗ ವೇಗ ಸೆಕೆಂಡಿಗೆ 250 ಮಿಲಿಮೀಟರ್ ಮೀರಬಾರದು. ದುರಸ್ತಿಗೆ ಹೋಗುವವರು ಮುಖ್ಯ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ.

ಕೆಲವೆಡೆ ಬಾಗಿಲಿಗೆ ಬದಲು ಬೆಳಕಿನ ಪರದೆ ಇರುತ್ತದೆ. ಕಿರಣ ತಡೆದೊಡನೆ ನಿಲುಗಡೆಯ ಸಂಕೇತ ಹೋಗುತ್ತದೆ. ಅದನ್ನು ಎಷ್ಟು ದೂರದಲ್ಲಿ ಇಡಬೇಕು? ಮನುಷ್ಯ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಬರುತ್ತಾನೆಂದು ಲೆಕ್ಕ ಹಿಡಿಯುತ್ತಾರೆ. ರೋಬಾಟ್ ಪೂರ್ತಿ ನಿಲ್ಲಲು 0.5 ಸೆಕೆಂಡ್ ಬೇಕಾದರೆ ಅಂತರ 1.6 × 0.5 = 0.8 ಮೀಟರ್. ಸುರಕ್ಷತೆಗಾಗಿ ಇದಕ್ಕೆ ಇನ್ನಷ್ಟು ಸೇರಿಸುತ್ತಾರೆ.

ಇಷ್ಟಾದರೂ 2015ರ ಆಗಸ್ಟ್‌ನಲ್ಲಿ ಹರಿಯಾಣದ ಮಾನೇಸರದಲ್ಲಿ, ಜಾರಿದ ಲೋಹದ ಹಾಳೆಯನ್ನು ಸರಿಪಡಿಸಲು ಹೋದ ಯುವಕನೊಬ್ಬ ರೋಬಾಟಿಗೆ ಬಲಿಯಾದ. ಬಿಡದಿಯಲ್ಲಿ 2007ರಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಆರಂಭವಾಯಿತು. ಮಾಗಡಿ, ಕನಕಪುರದ ಮಕ್ಕಳೂ ನಾಳೆ ಇಂತಹ ಯಂತ್ರಗಳ ಪಕ್ಕ ನಿಲ್ಲುವವರೇ. ಶಿಕ್ಷಕರೇ, ವೇಗ ಮತ್ತು ಕಾಲದ ಪಾಠ ಮಾಡುವಾಗ ಮೇಲಿನ ಲೆಕ್ಕವನ್ನೂ ಮಾಡಿಸಿ. ಒಳಗೆ ಕಾಲಿಡುವ ಮುನ್ನ ಬೀಗದ ಕೀಲಿ ತನ್ನ ಜೇಬಿನಲ್ಲಿದೆಯೇ ಎಂದು ನೋಡಿಕೊಳ್ಳಲು ಅವರಿಗೆ ಹೇಳಿಕೊಡಿ.