ತಡವಾದುದು ತಪ್ಪೇ?

“ಕೇಳಿದ್ದಕ್ಕೆ ಉತ್ತರ ಹೇಳಲು ಇಷ್ಟು ಹೊತ್ತೇ?” ಈ ಮಾತನ್ನು ನಾವು ಕಚೇರಿಯಲ್ಲಿ ಕೇಳಿದ್ದೇವೆ, ಮನೆಯಲ್ಲಿ ಆಡಿಯೂ ಇದ್ದೇವೆ. ನಮಗೆ ಪರಿಚಿತರಾದ ಗೃಹಿಣಿಯೊಬ್ಬರು ವರ್ಷಗಟ್ಟಲೆ ಈ ಮಾತಿಗೆ ತಲೆತಗ್ಗಿಸಿದವರು. ಮೈಯೆಲ್ಲ ನೋವು, ನಿದ್ದೆ ಮಾಡಿ ಎದ್ದರೂ ಆಯಾಸ. ಕೈಯಲ್ಲೇ ಇರುವ ಸೌಟಿನ ಹೆಸರು ನಾಲಗೆಗೆ ಬಾರದು. ರಕ್ತಪರೀಕ್ಷೆ, ಎಕ್ಸ್‌-ರೇ ಯಾವುದರಲ್ಲೂ ದೋಷ ಕಾಣಲಿಲ್ಲ. ನೆಂಟರು ‘ಮೈಗಳ್ಳಿ’ ಎಂದರು. ಕೊನೆಗೆ ವೈದ್ಯರೊಬ್ಬರು ಕಾಯಿಲೆಯ ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯ. ಮನಸ್ಸಿನ ನಿಧಾನವನ್ನು ಮೊದಲು ಅಪರಾಧವೆಂದು ಶಿಕ್ಷಿಸಿ, ಆಮೇಲೆ ಅಳೆಯಲು ಕಲಿತ ಚರಿತ್ರೆ ಇನ್ನೂರು ವರ್ಷಕ್ಕೂ ಹಳೆಯದು.

ಅದು ಆರಂಭವಾಗುವುದು ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ. ಅಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದ. ಗಡಿಯಾರದ ಸದ್ದನ್ನು ಎಣಿಸುತ್ತ, ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರ ದಾಟುವ ಗಳಿಗೆಯನ್ನು ಗುರುತಿಸಿ ಬರೆದಿಡುವುದು ಅವನ ಕೆಲಸ. 1795ರಲ್ಲಿ ಅವನ ಲೆಕ್ಕ ಮೇಲಧಿಕಾರಿ ನೆವಿಲ್ ಮ್ಯಾಸ್ಕೆಲಿನ್‌ನ ಲೆಕ್ಕಕ್ಕಿಂತ ಅರ್ಧ ಸೆಕೆಂಡು ಹಿಂದೆ ಬಿತ್ತು. ಎಚ್ಚರಿಕೆ ಕೊಟ್ಟದ್ದಾಯಿತು; ವ್ಯತ್ಯಾಸ 0.8 ಸೆಕೆಂಡಿಗೆ ಏರಿತು. 1796ರಲ್ಲಿ ಕೆಲಸ ಹೋಯಿತು. ಸಾಹೇಬರ ಕಣ್ಣೇ ಪ್ರಮಾಣ! ಗುಮಾಸ್ತರಾದ ನಮಗೆ ಈ ಪ್ರಕರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಮಾರು ಕಾಲು ಶತಮಾನದ ಬಳಿಕ ಪ್ರಷ್ಯದ ಖಗೋಲಜ್ಞ ಬೆಸ್ಸೆಲ್ ಈ ಸಂಗತಿಯನ್ನು ಓದಿ, ತನ್ನ ವೀಕ್ಷಣೆಗಳನ್ನು ಇತರ ನಿಪುಣರ ವೀಕ್ಷಣೆಗಳೊಡನೆ ಹೋಲಿಸಿ ನೋಡಿದ. ಅಲ್ಲಿಯೂ ವ್ಯತ್ಯಾಸ, ಒಮ್ಮೆ ಒಂದು ಸೆಕೆಂಡಿಗೂ ಮಿಕ್ಕು. ಇದು ಅಜಾಗ್ರತೆಯಲ್ಲ, ಮನುಷ್ಯರಿಂದ ಮನುಷ್ಯರಿಗಿರುವ ಭೇದ ಎಂಬುದು ಸ್ಪಷ್ಟವಾಯಿತು. ಕಿನ್ನೆಬ್ರೂಕ್ ಅಷ್ಟರಲ್ಲಿ, 1802ರಲ್ಲೇ, ತೀರಿಕೊಂಡಿದ್ದ.

1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದ. ಅದು ಸೆಕೆಂಡಿಗೆ ಸುಮಾರು 27 ಮೀಟರು. 1868ರಲ್ಲಿ ಹಾಲೆಂಡಿನ ಡಾಂಡರ್ಸ್ ಇನ್ನೂ ಮುಂದೆ ಹೋದ. ಒಂದೇ ಸಂಕೇತಕ್ಕೆ ಪ್ರತಿಕ್ರಿಯಿಸಲು ಇಷ್ಟು ಕಾಲ, ಹಲವುಗಳಲ್ಲಿ ಒಂದನ್ನು ಆರಿಸಿ ಪ್ರತಿಕ್ರಿಯಿಸಲು ಇಷ್ಟು ಕಾಲ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ಯೋಚನೆಯ ಕಾಲ ಎಂದ.

ಇತ್ತ ನೋವಿನ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. 1904ರಲ್ಲಿ ಲಂಡನ್ನಿನ ವೈದ್ಯ ಗವರ್ಸ್, ಇಂಥ ನೋವಿಗೆ ನಾರುಕಟ್ಟುಗಳ ಉರಿಯೂತವೇ ಕಾರಣವೆಂದು ಬಗೆದು ‘ಫೈಬ್ರೊಸೈಟಿಸ್’ ಎಂದು ಕರೆದ. ಉರಿಯೂತ ಸಿಗಲೇ ಇಲ್ಲ. 1976ರಲ್ಲಿ ಅಮೆರಿಕದ ಹೆಂಚ್ ಈಗಿನ ಹೆಸರನ್ನಿಟ್ಟರು. 1990ರ ಲಕ್ಷಣಪಟ್ಟಿಯಂತೆ ಮೈಯೆಲ್ಲ ಹರಡಿದ ನೋವಿನ ಜೊತೆಗೆ, ಒತ್ತಿ ನೋಡುವ 18 ತಾಣಗಳ ಪೈಕಿ 11ರಲ್ಲಾದರೂ ನೋವಿರಬೇಕು. ತಲೆಗೆ ಕವಿಯುವ ಮಂಜಿಗೆ ಅದರಲ್ಲಿ ಜಾಗವಿರಲಿಲ್ಲ.

ರೋಗಿಗಳು ಮಾತ್ರ ಅದನ್ನು ಹೇಳುತ್ತಲೇ ಇದ್ದರು. 2001ರಲ್ಲಿ ಪಾರ್ಕ್, ಗ್ಲಾಸ್ ಮೊದಲಾದ ಸಂಶೋಧಕರು ಪರೀಕ್ಷಿಸಿದಾಗ ಒಂದು ಸೋಜಿಗ ಕಂಡಿತು. ರೋಗಿಗಳ ಯೋಚನೆಯ ವೇಗ ಸಮವಯಸ್ಕರಷ್ಟೇ ಇತ್ತು. ಸೋತದ್ದು ನೆನಪು ಮತ್ತು ಪದಗಳನ್ನು ಹುಡುಕುವ ಶಕ್ತಿ. ನೆನಪಿನಲ್ಲಿ ಅವರು ತಮಗಿಂತ 20 ವರ್ಷ ಹಿರಿಯರನ್ನು ಹೋಲುತ್ತಿದ್ದರು. 2008ರಲ್ಲಿ ಲೆವಿಟ್ ಮತ್ತು ಕಾಟ್ಸ್ ಎಂಬವರು, ಕಂಡದ್ದನ್ನು ಹೆಸರಿಸುವುದರಲ್ಲಿ ಇವರು ತಡವಾಗುತ್ತಾರೆಂದು ತೋರಿಸಿದರು. ಎಂದರೆ ಬುದ್ಧಿಗೆ ಬುದ್ಧಿಯೇ ಮಂದವಾದುದಲ್ಲ. ಕಣಜದಲ್ಲಿ ಧಾನ್ಯವಿದೆ, ತೆಗೆದು ಕೊಡುವ ಕೈ ತಡವರಿಸುತ್ತದೆ. ಊರು ಬಿಟ್ಟು ಬಂದು ಮೂರು ಭಾಷೆಗಳ ನಡುವೆ ಕನ್ನಡದ ಶಬ್ದಕ್ಕಾಗಿ ತಡಕಾಡುವ ನಮಗೆ ಆ ಸಂಕಟದ ಒಂದಂಶವಾದರೂ ಗೊತ್ತು.

2010ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಹೊಸ ಲಕ್ಷಣಪಟ್ಟಿ ತಂದಾಗ ಆಯಾಸ, ನಿದ್ದೆಗಳ ಜೊತೆಗೆ ನೆನಪು-ಯೋಚನೆಗಳ ತೊಡಕಿಗೂ 0ಯಿಂದ 3ರವರೆಗೆ ಅಂಕ ಸಿಕ್ಕಿತು. ರೋಗಿಯ ಮಾತು ಕೊನೆಗೂ ಕಡತ ಸೇರಿತು.

ಆ ಗೃಹಿಣಿಯ ನೋವು ಇನ್ನೂ ಇದೆ. ಆದರೆ ಮಾತು ತಡೆದಾಗ ಅವರ ಯಜಮಾನರು ಈಗ, “ಇರಲಿ, ನಿಧಾನವಾಗಿ ಹೇಳು” ಎನ್ನುತ್ತಾರಂತೆ. ಕಿನ್ನೆಬ್ರೂಕ್‌ಗೆ ಹಾಗೆನ್ನುವವರು ಇರಲಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಹಾಗೆ ತಡವರಿಸಿದರೆ, ಕಾರಣ ತಿಳಿಯುವ ಮೊದಲೇ ‘ಮೈಗಳ್ಳತನ’ ಎಂದು ತೀರ್ಪು ಕೊಡದಿರೋಣ.