ಪುರಾಣದ ಮರೆ, ರೋಮಿನ ಮರೆ: ಬಡಾಬಡಗಿನ ಸ್ತ್ರೀವೇಷ ಕುರಿತು ಒಂದು ತೌಲನಿಕ ಟಿಪ್ಪಣಿ

ಯಕ್ಷಗಾನ ಪ್ರಸಂಗ 'ಕೀಚಕವಧೆ'ಯ ಕೊನೆಯ ಭಾಗದಲ್ಲಿ ವಲಲ, ಅಂದರೆ ಮಾರುವೇಷದ ಭೀಮ, ನಾಟ್ಯಶಾಲೆಯ ಕತ್ತಲಲ್ಲಿ ಸೀರೆ ಹೊದ್ದು ಕಾಯುತ್ತಾನೆ. ಸೈರಂಧ್ರಿಯಾದ ದ್ರೌಪದಿಯೇ ಬಂದಿದ್ದಾಳೆಂದು ನಂಬಿದ ಕೀಚಕ ಬಳಿ ಸಾರಿ ತೋಳು ಮುಟ್ಟುತ್ತಾನೆ. ಅದು ಗಂಡಸಿನ ತೋಳೆಂದು ಅವನಿಗೆ ಗೊತ್ತಾಗುವ ಗಳಿಗೆಯಲ್ಲಿ ಸಭೆ ನಗುತ್ತದೆ. ಆದರೆ ಅದಕ್ಕೆ ಮೊದಲು ಇದೇ ಕೀಚಕ ಶೃಂಗಾರದ ಪದ್ಯಗಳಿಗೆ ಕುಣಿಯುತ್ತ ಸೈರಂಧ್ರಿಯನ್ನು ಅಡ್ಡಗಟ್ಟಿದಾಗ ಆ ಸೈರಂಧ್ರಿಯೂ ಗಂಡಸೇ ಆಗಿದ್ದ. ಆಗ ಯಾರೂ ನಗಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಬಡಾಬಡಗು ಯಕ್ಷಗಾನದ ಆಟದಲ್ಲಿ ತಲೆಮಾರುಗಳಿಂದ ನಡೆದುಬಂದ ಈ ಸಂಗತಿಯನ್ನು ಅರ್ಥ ಮಾಡಿಕೊಳ್ಳಲು ದೂರದ ಒಂದು ಚಲನಚಿತ್ರ ಪರಂಪರೆ ನೆರವಾಗುತ್ತದೆ.

ಪಶ್ಚಿಮದ ಸಿನಿಮಾ ಗಂಡು-ಗಂಡಿನ ಆಕರ್ಷಣೆಯನ್ನು ತೋರಿಸಲು ಪ್ರಾಚೀನ ರೋಮನ್ನು ಆಶ್ರಯಿಸಿತು. ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ನಿರ್ಮಾಣ ಸಂಹಿತೆ ಸಲಿಂಗ ಪ್ರೇಮದ ಸುಳಿವನ್ನೂ ನಿಷೇಧಿಸಿತ್ತು. 1960ರ 'ಸ್ಪಾರ್ಟಕಸ್'ನಲ್ಲಿ ರೋಮನ್ ಸೇನಾನಿ ಕ್ರಾಸಸ್ ಸ್ನಾನಗೃಹದಲ್ಲಿ ತನ್ನ ಗುಲಾಮನೊಡನೆ ಸೂಚ್ಯವಾಗಿ ಮಾತಾಡುವ ದೃಶ್ಯವನ್ನು ಕತ್ತರಿಸಲಾಯಿತು. 1991ರಲ್ಲಿ ಅದನ್ನು ಮರಳಿ ಸೇರಿಸುವಾಗ ಧ್ವನಿ ಉಳಿದಿರಲಿಲ್ಲ, ನಟ ಲಾರೆನ್ಸ್ ಒಲಿವಿಯರ್ ತೀರಿಕೊಂಡಿದ್ದರು. ಆಂಥೊನಿ ಹಾಪ್ಕಿನ್ಸ್ ಅವರ ಮಾತಿಗೆ ದನಿಯಾದರು. 1968ರಲ್ಲಿ ಸಂಹಿತೆ ಹೋಯಿತು. 1976ರಲ್ಲಿ ಬ್ರಿಟನ್ನಿನ ಡೆರೆಕ್ ಜಾರ್ಮನ್ ಮತ್ತು ಪಾಲ್ ಹಂಫ್ರೆಸ್ 'ಸೆಬಾಸ್ಟಿಯಾನೆ' ಮಾಡಿದರು, ಮಾತೆಲ್ಲ ಲ್ಯಾಟಿನ್ನಿನಲ್ಲಿ. 1981ರ 'ಸೆಂಚುರಿಯನ್ಸ್ ಆಫ್ ರೋಮ್' ಹೊತ್ತಿಗೆ ಪುರುಷ ಪ್ರೇಕ್ಷಕರಿಗೆಂದೇ ತಯಾರಾದ ವಯಸ್ಕರ ಚಿತ್ರಗಳೂ ಆ ಹಳೆಯ ಉಡುಪನ್ನೇ ತೊಟ್ಟವು. ವರ್ತಮಾನದಲ್ಲಿ ಅಪರಾಧವೋ ಅವಮಾನವೋ ಆಗಿದ್ದದ್ದನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ದರೆ ಅದು ಇತಿಹಾಸವಾಗುತ್ತಿತ್ತು.

ನಮ್ಮ ಕರಾವಳಿಯಲ್ಲಿ ಆ ಮರೆಯನ್ನು ಒದಗಿಸಿದ್ದು ಪುರಾಣ. ಹೊನ್ನಾವರ ತಾಲ್ಲೂಕಿನ ಕರ್ಕಿಯ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಆಡಿತೆಂದೂ, ಅದನ್ನು ಕಂಡ ಅಲ್ಲಿನ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆ ಮರುವರ್ಷ 'ಸೀತಾ ಸ್ವಯಂವರ' ಆಡಿಸಿದರೆಂದೂ ಮರಾಠಿ ರಂಗಭೂಮಿಯ ಇತಿಹಾಸ ಹೇಳುತ್ತದೆ. ಆ ಮೇಳದ ರಾಣಿಯರೂ ಅಪ್ಸರೆಯರೂ ಗಂಡಸರೇ. ಹಾಲಿವುಡ್ ಸಂಹಿತೆ ಬಿಗಿಯಾದ ಅದೇ 1934ರಲ್ಲಿ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮನೆತನದ ಗಜಾನನ ಹೆಗಡೆಯವರು ಸ್ತ್ರೀವೇಷಕ್ಕೆ ಹೆಸರಾದರು. ಇದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಕೀಚಕ, ಭಸ್ಮಾಸುರರ ಪಾತ್ರಗಳಲ್ಲಿ ಶೃಂಗಾರಕ್ಕೆ ಒಂದು ಅಳತೆಗೋಲನ್ನೇ ಕೊಟ್ಟರು. 2012ರಲ್ಲಿ ಪದ್ಮಶ್ರೀ ಪಡೆದರು.

ಚೌಕಿಯ, ಅಂದರೆ ಬಣ್ಣದ ಮನೆಯ, ಲೆಕ್ಕದಲ್ಲಿ ಸ್ತ್ರೀವೇಷ ಒಂದೇ ಬಗೆಯದಲ್ಲ. ದಮಯಂತಿ, ಚಂದ್ರಮತಿಯರು ಗರತಿಯರು. ಪ್ರಮೀಳೆ, ಮೀನಾಕ್ಷಿಯರದು ವೀರದ ಕಸೆವೇಷ. ಮೋಹಿನಿ, ಮೇನಕೆಯರದು ಶೃಂಗಾರ. ಈ ಮೂರನೆಯದರಲ್ಲೇ ನಮ್ಮ ಪ್ರಶ್ನೆ ಅಡಗಿದೆ. 'ಭಸ್ಮಾಸುರ ಮೋಹಿನಿ'ಯಲ್ಲಿ ವಿಷ್ಣು ಹೆಣ್ಣಾಗಿ ಬರುತ್ತಾನೆ, ಅಂದರೆ ಕಥೆಯೊಳಗೂ ಗಂಡೇ ಹೆಣ್ಣಾಗಿರುವುದು. ಮೋಹಿನಿ ಕೊರಳು ಕೊಂಕಿಸಿದರೆ ಅಸುರನೂ ಕೊಂಕಿಸಬೇಕು. ಅವಳು ನಡು ಬಳುಕಿಸಿದರೆ ಅವನೂ ಬಳುಕಿಸಬೇಕು. ಭಾಗವತರು ಕಾಲ ಏರಿಸುತ್ತಾರೆ, ಮದ್ದಲೆ ಅವಳ ಹೆಜ್ಜೆಗೆ, ಚಂಡೆ ಅವನ ಹೆಜ್ಜೆಗೆ ಒತ್ತು ಕೊಡುತ್ತದೆ. ಅವಳನ್ನು ಪಡೆಯುವ ಆಸೆಯಲ್ಲಿ ಅವಳಂತೆಯೇ ಆಗುತ್ತ ಆಗುತ್ತ ಅಸುರ ತನ್ನ ಕೈಯನ್ನು ತನ್ನದೇ ತಲೆಯ ಮೇಲಿಟ್ಟು ಬೂದಿಯಾಗುತ್ತಾನೆ. ಗಂಡು ಹೆಣ್ಣಿನ ಹೆಜ್ಜೆ ಕಲಿಯುವುದೇ ಇಲ್ಲಿ ಪ್ರಣಯ.

ರೋಮಿನ ಮರೆ, ಪುರಾಣದ ಮರೆ ಇವೆರಡನ್ನೂ ಒಂದೇ ಎನ್ನುವುದು ತಪ್ಪು. ರೋಮಿನ ಚಿತ್ರಗಳಲ್ಲಿ ಗಂಡು ಗಂಡಾಗಿಯೇ ಗಂಡನ್ನು ಬಯಸುತ್ತಾನೆ. ಆಟದಲ್ಲಿ ಬಯಕೆ ಪಾತ್ರದ್ದು, ಬಯಕೆಗೆ ಗುರಿಯಾದ ಪಾತ್ರ ಹೆಣ್ಣಿನದು. ವೇಷ ಕಟ್ಟಿದವರ ಖಾಸಗಿ ಬದುಕಿನ ಬಗ್ಗೆ ಇದರಿಂದ ಏನನ್ನೂ ಊಹಿಸುವಂತಿಲ್ಲ. ಸಮಾನವಾದದ್ದು ಒಂದೇ: ಕಾಲವನ್ನು ದೂರಕ್ಕೆ ಸರಿಸಿ, ಹತ್ತಿರದಲ್ಲಿ ನೋಡಲಾಗದ್ದನ್ನು ನೋಡಲು ಸಮುದಾಯ ತನಗೆ ತಾನೇ ಕೊಟ್ಟುಕೊಂಡ ಅನುಮತಿ. ಆ ಅನುಮತಿಯ ಗಡಿಯೂ ಸ್ಪಷ್ಟವಿತ್ತು. 1860ರ ದಂಡ ಸಂಹಿತೆಯ 377ನೆಯ ಕಲಂ ಬಂದ ಮೇಲೆ, ರಾತ್ರಿ ಇಬ್ಬರು ಗಂಡಸರ ಶೃಂಗಾರಕ್ಕೆ ತಲೆದೂಗಿದ ಊರಿನಲ್ಲೇ ಹಗಲು ಅಂಥ ಪ್ರೀತಿಯ ದೈಹಿಕ ಸಂಬಂಧ ಶಿಕ್ಷಾರ್ಹವಾಗಿತ್ತು. ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಐದು ವರ್ಷ ಮೊದಲೇ, 2013ರಲ್ಲಿ, ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' ಪುರಾಣದ ಮರೆಯಿಲ್ಲದೆ ಈ ಪ್ರೀತಿಯನ್ನು ಕನ್ನಡದಲ್ಲಿ ಹೇಳಿತ್ತು.

ಯಕ್ಷಗಾನದ ಬರವಣಿಗೆ ಸ್ತ್ರೀವೇಷವನ್ನು ಇದುವರೆಗೆ ಲಾಲಿತ್ಯ, ಲಾಸ್ಯ, ಮಾತುಗಾರಿಕೆ ಎಂಬ ಮಾತುಗಳಲ್ಲೇ ಹೆಚ್ಚಾಗಿ ಅಳೆದಿದೆ. ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಮನೆಗೆ ನಡೆದವರು ಬೀದಿಯಲ್ಲಿ ಏನು ಕೇಳಿಸಿಕೊಂಡರು, ಸೀರೆ ಬಿಚ್ಚಿಟ್ಟ ಮೇಲೂ ಮೈಯಲ್ಲಿ ಉಳಿದ ನಡಿಗೆಯನ್ನು ಮನೆಯವರು ಹೇಗೆ ಕಂಡರು ಎಂಬುದೂ ಈ ಕಲೆಯ ಚರಿತ್ರೆಯೇ. ಈಗ ಹೆಣ್ಣುಮಕ್ಕಳೂ ರಂಗಸ್ಥಳಕ್ಕೆ ಬಂದಿದ್ದಾರೆ. ಗಂಡಸರ ಸ್ತ್ರೀವೇಷದ ಹಿರಿಯ ತಲೆಮಾರು ಕರಗುತ್ತಿದೆ. ಅವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲೇ ಆ ನೆನಪುಗಳನ್ನು ದಾಖಲಿಸುವ ಕೆಲಸವನ್ನು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕಾಲೇಜುಗಳೂ ಮೇಳಗಳೂ ಸೇರಿ ಈಗಲೇ ಕೈಗೆತ್ತಿಕೊಳ್ಳಬೇಕು.